ಕುರಿಗಳ್ಳ ಯಾರ ಪಾಲು

ಮಾರ್ಚ್ ಒಂದರಂದು, ವಂಶಚರಿತ್ರೆ ಸಂಘದವರ ಸಂತ ಡೇವಿಡನ ಹಬ್ಬದ ಊಟದಲ್ಲಿ, ಕುರಿಮಾಂಸದ ಸಾರಿನ ಬಟ್ಟಲುಗಳನ್ನು ಎತ್ತಿದ ಮೇಲೆ ಮತ್ತು ಚಹಾ ಬರುವ ಮೊದಲು ನಲವತ್ತು ನಿಮಿಷ ಸಿಗುತ್ತದೆ. ಆ ನಲವತ್ತು ನಿಮಿಷ ಎದ್ದು ನಿಂತು ತನ್ನ ವಂಶದ ಬಗ್ಗೆ ಮಾತಾಡುವ ಹಕ್ಕು ಯಾರದು ಎಂಬುದಕ್ಕಿಂತ ಗಂಭೀರವಾದ ಪ್ರಶ್ನೆ ಆ ವರ್ಷ ಅಬರ್‌ಗೆಲಿನ್ ಊರಿನಲ್ಲಿ ಇನ್ನೊಂದಿರಲಿಲ್ಲ. ಸರ್ಕಾರ ಬದಲಾಗಿತ್ತು. ಹೊಳೆಯ ಸೇತುವೆ ಮುಚ್ಚಿ ಏಳು ತಿಂಗಳಾಗಿತ್ತು. ಊರಿಗಿದ್ದ ಒಂದೇ ಬ್ಯಾಂಕು ಬಾಗಿಲು ಹಾಕಿಕೊಂಡು ಹೋಗಿತ್ತು. ಇವನ್ನೆಲ್ಲ ಜನ ಮಳೆಯನ್ನು ಸಹಿಸಿದಂತೆ ಸಹಿಸಿದರು. ವಂಶಚರಿತ್ರೆ ಸಂಘದ ಆ ನಲವತ್ತು ನಿಮಿಷದ ವಿಷಯದಲ್ಲಿ ಮಾತ್ರ ಸಹನೆಯ ಮಾತೇ ಇರಲಿಲ್ಲ.

ಟೆಗ್ವೆನ್ ಡೇವಿಸ್ ಅದಕ್ಕಾಗಿ ನಾಲ್ಕು ವರ್ಷದಿಂದ ಕಾದಿದ್ದಳು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕಿಂಡಿಯ ಹಿಂದೆ ಕೂತು ನಿವೃತ್ತಳಾದ್ದರಿಂದ ಊರವರಿಗೆ ಅವಳು ಟೆಗ್ವೆನ್ ಪೋಸ್ಟ್. ಹಾಗೆ ಕರೆಯದೆ ಗತಿಯಿಲ್ಲ. ಅಬರ್‌ಗೆಲಿನ್‌ನಲ್ಲಿ ಮೂವರು ಎದುರಾದರೆ ಒಬ್ಬರು ಡೇವಿಸ್, ಉಳಿದಿಬ್ಬರು ಜೋನ್ಸ್. ಟೆಗ್ವೆನ್ ಹುಟ್ಟಿದ್ದೂ ಡೇವಿಸ್, ಮದುವೆಯಾದದ್ದೂ ಒಬ್ಬ ಡೇವಿಸ್‌ನನ್ನು. ಮದುವೆಯಿಂದ ತನಗೆ ಬದಲಾದದ್ದು ವಿಳಾಸ ಮಾತ್ರ ಎಂದು ಅವಳೇ ಹೇಳುತ್ತಿದ್ದಳು.

ಅವಳ ಆಸ್ತಿಯೆಂದರೆ ಒಬ್ಬ ಡೀಕನ್, ಅಂದರೆ ಚಾಪೆಲಿನ ಹಿರಿಯ. ಪಂತ್‌ಗ್ಲಾಸ್ ಒಕ್ಕಲಿನ, ಅಂದರೆ ಗೇಣಿಗೆ ಹಿಡಿದ ಹೊಲಮನೆಯ, ದಾವಿದ್ ರೀಸ್. ಹೆರ್ಮೊನ್ ಚಾಪೆಲ್ ಕಟ್ಟಿದಾಗ ಅದರ ಮೊದಲ ಡೀಕನ್ ಆಗಿ, ಪಾದ್ರಿಯ ಕಾಲಬುಡದ ದೊಡ್ಡ ಪೀಠದಲ್ಲಿ, ಮಿಕ್ಕ ಪಾಪಿಗಳಿಗೆ ಮುಖ ಮಾಡಿ ಕೂತವನು. ಅವನ ಮಗ ಟೋಮೊಸ್, ಟೆಗ್ವೆನಳ ತಾತನ ಮುತ್ತಾತ. ಇದನ್ನು ತಾತನೇ ಹೇಳಿದ್ದ, ಅವನಿಗೆ ಅವನ ತಾತ ಹೇಳಿದ್ದ. ಇಷ್ಟು ಸಭ್ಯ ವಂಶ ಇಟ್ಟುಕೊಂಡು ಟೆಗ್ವೆನ್ ಪ್ರತಿವರ್ಷ ಭಾಷಣಕ್ಕೆ ಅರ್ಜಿ ಹಾಕುತ್ತಿದ್ದಳು. ಪ್ರತಿವರ್ಷ ಸಂಘದ ಕಾರ್ಯದರ್ಶಿ ಇದ್ವಾಲ್ ಅದನ್ನು ಮೆಲ್ಲಗೆ ಪಕ್ಕಕ್ಕಿಡುತ್ತಿದ್ದರು. ಅವರು ಹಿಂದೆ ಹಲ್ಲಿನ ಡಾಕ್ಟರು. ನೋವಾಗದಂತೆ ಕೀಳುವುದು ಅವರಿಗೆ ಅಭ್ಯಾಸ.

ಸೆಪ್ಟೆಂಬರಿನ ಸಭೆಯಲ್ಲಿ ನೆಸ್ಟ ಎದ್ದು ನಿಂತಳು. ನೆಸ್ಟಳೂ ಡೇವಿಸ್. ನಲವತ್ತು ವರ್ಷ ಊರಿನ ಹೆಂಗಸರ ತಲೆಗೂದಲಿಗೆ ಸುರುಳಿ ಹಾಕಿದವಳು, ಆದ್ದರಿಂದ ಕೂದಲು ನೆಸ್ಟ. ಟೆಗ್ವೆನಳಿಗೆ ಅವಳು ಒಂದನೇ ತರಗತಿಯಿಂದ ಗೊತ್ತು. ಶಾಲೆಯ ಪದ್ಯ ಹೇಳುವ ಪಂದ್ಯದಲ್ಲಿ ನೆಸ್ಟ ಒಂದೇ ಒಂದು ಅಂಕದಿಂದ ಮೊದಲ ಬಹುಮಾನ ಕಿತ್ತುಕೊಂಡು ಐವತ್ತೆಂಟು ವರ್ಷವಾಗಿತ್ತು. ಟೆಗ್ವೆನ್ ಅದನ್ನು ಮರೆತುಬಿಟ್ಟಿದ್ದೇನೆ ಎಂದು ಆಗಾಗ ಹೇಳುತ್ತಿದ್ದಳು.

"ನೋಡ್ರಪ್ಪಾ," ಎಂದಳು ನೆಸ್ಟ, "ನಮ್ಮ ವಂಶದಲ್ಲಿ ಹೇಳ್ಕೊಳ್ಳೋಕೆ ಏನೂ ಇಲ್ಲ ಅಂದ್ಕೊಂಡಿದ್ದೆ. ಒಬ್ಬ ಕಳ್ಳ ಸಿಕ್ಕಿದಾನೆ!"

ಚಪ್ಪಾಳೆ ಬಿತ್ತು. ಯಾರೋ ಕೇಕಿನ ತಟ್ಟೆಯನ್ನು ಮೊದಲು ನೆಸ್ಟಳ ಮುಂದೆ ಹಿಡಿದರು.

"ಗ್ರೈಗ್‌ವೆನ್ ಒಕ್ಕಲಿನ ದಾವಿದ್ ಶೆಂಕಿನ್. ಸಾವಿರದ ಎಂಟುನೂರ ಹದಿನೇಳು. ಪಕ್ಕದ ಒಕ್ಕಲಿನ ಕುರಿ ಕದ್ದು, ಯಾರ ಕುರಿ ಅಂತ ಹೇಳೋ ಕಿವಿ ಗುರುತು ತಿದ್ದಿ, ತನ್ನ ಮಂದೆಗೆ ಸೇರಿಸ್ಕೊಂಡಿದ್ನಂತೆ. ಗಲ್ಲು ಅಂತ ತೀರ್ಪಾಯ್ತು. ಆಮೇಲೆ ಹೋಗ್ಲಿ ಪಾಪ ಅಂತ ಗಡೀಪಾರು ಮಾಡಿ ಆಸ್ಟ್ರೇಲಿಯಾ ಹಡಗು ಹತ್ತಿಸಿದ್ರು. ಏಳು ವರ್ಷ ಅಲ್ಲ ಮತ್ತೆ. ಜೀವಾವಧಿ!"

ಜೀವಾವಧಿ ಎಂಬ ಮಾತನ್ನು ಅವಳು ಗೆದ್ದ ಬೆಳ್ಳಿಯ ಬಟ್ಟಲು ಎತ್ತಿ ತೋರಿಸಿದಂತೆ ಹೇಳಿದಳು.

"ಅವನ ಮಗ ಟೋಮೊಸ್ ಗ್ರೈಗ್‌ವೆನ್‌ನಲ್ಲೇ ಹುಟ್ಟಿದ್ದು. ನಾವು ಇವತ್ತಿಗೂ ಅಲ್ಲೇ ಇದೀವಿ. ನನ್ನ ತಮ್ಮ ಅದೇ ಗೋಡೆ ಒಳಗೆ ಕುರಿ ಸಾಕ್ತಿದಾನೆ. ಎಲ್ಲಾ ಅವನವೇ, ನಾನು ಎಣಿಸಿ ನೋಡಿದೀನಿ."

ಸಭೆ ಬಿದ್ದು ಬಿದ್ದು ನಕ್ಕಿತು. ಮಾರ್ಚ್ ಒಂದರ ಭಾಷಣ ಅಲ್ಲಿಯೇ ನೆಸ್ಟಳದಾಯಿತು.

"ಟೆಗ್ವೆನ್ ಬಾಖ್," ಎಂದರು ಇದ್ವಾಲ್, ಮುದ್ದಿನ ಮಾತು ಸೇರಿಸಿ, "ನಿಮ್ಮ ಡೀಕನ್ ಇನ್ನೂರು ವರ್ಷ ಕಾದಿದಾನೆ. ಇನ್ನೊಂದು ವರ್ಷ ಕಾಯಲ್ವಾ?"

"ಕಾಯ್ತಾನೆ, ಕಾಯ್ತಾನೆ. ಅವನಿಗೆ ಬೇರೆ ಕೆಲಸ ಏನಿದೆ," ಎಂದಳು ಟೆಗ್ವೆನ್. ನಕ್ಕಳು ಕೂಡ. ಆದರೆ ಅವಳು ಮಾಡಿ ತಂದಿದ್ದ ಒಣದ್ರಾಕ್ಷಿಯ ರೊಟ್ಟಿಯನ್ನು ಅವಳೇ ತಿನ್ನಲಾಗಲಿಲ್ಲ.

ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಗಂಡ ಎಮ್ರಿಸನ ಮುಂದೆ ನಿಂತಳು.

"ನಮ್ಮ ಕಡೆಯವರು ಒಬ್ಬರಾದ್ರೂ ಏನಾದ್ರೂ ಕದ್ದಿರಬಾರ್ದಿತ್ತಾ?"

ಎಮ್ರಿಸ್ ಹಾಲಿನ ಲಾರಿ ಓಡಿಸಿ ನಿವೃತ್ತನಾದ ಸಮಾಧಾನಿ. ಪತ್ರಿಕೆ ಕೆಳಗಿಳಿಸಿದ. "ನಿನ್ನ ಅಣ್ಣ ನನ್ನ ಏಣಿ ತಗೊಂಡು ಹೋಗಿ ಹನ್ನೊಂದು ವರ್ಷ ಆಯ್ತಲ್ಲ."

"ಅದು ಕಳ್ಳತನ ಅಲ್ಲ. ಮರೆವು."

"ಹಾಗಾದ್ರೆ ನಿಮ್ಮನೆಯವರಿಗೆ ಅದೃಷ್ಟ ಇಲ್ಲ ಬಿಡು."

ಅಂದಿನಿಂದ ಟೆಗ್ವೆನ್ ತನ್ನ ವಂಶವನ್ನು ಪೊಲೀಸರಂತೆ ಜಾಲಾಡಿದಳು. ತನಿಖೆಯಲ್ಲಿ ಅವಳಿಗೆ ಸಿಕ್ಕಿದ್ದು ಬರೀ ಸಂಭಾವಿತರು. ಒಬ್ಬ ಭಾನುವಾರದ ಶಾಲೆಯ ಮೇಲ್ವಿಚಾರಕ. ಒಬ್ಬ ಮದ್ಯಪಾನ ವಿರೋಧಿ. ಒಬ್ಬ ಜೈಲಿಗೆ ಹೋಗಿದ್ದ ಎಂದು ತಿಳಿದಾಗ ಆಸೆ ಚಿಗುರಿತು, ನೋಡಿದರೆ ಅವನು ಅಲ್ಲಿಯ ಕಿಟಕಿಗಳಿಗೆ ಗಾಜು ಕೂರಿಸುವವನು. ಇತ್ತ ನೆಸ್ಟ ರಸ್ತೆಯಲ್ಲಿ ಸಿಕ್ಕಾಗಲೆಲ್ಲ ಹೊಸದೊಂದು ಹೇಳುತ್ತಿದ್ದಳು. ಕಳ್ಳನ ಎತ್ತರ ಐದಡಿ ನಾಲ್ಕಂಗುಲವಂತೆ. ಎಡಗೈಯಲ್ಲಿ ಕಿರುಬೆರಳಿರಲಿಲ್ಲವಂತೆ. ಬೆರಳು ಬೇರೆ ಇಲ್ಲ! ಟೆಗ್ವೆನಳಿಗೆ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ.

ಕೊನೆಗೆ ಅವಳು ಟೋಮೊಸನ ಮದುವೆಯ ಪ್ರಮಾಣಪತ್ರಕ್ಕೆ ಬರೆದಳು. ಇಷ್ಟು ವರ್ಷ ಅದನ್ನು ತರಿಸುವ ಅಗತ್ಯವೇ ಬಿದ್ದಿರಲಿಲ್ಲ. ತಾತನ ಮಾತಿಗೆ ಸರ್ಕಾರದ ಮುದ್ರೆ ಯಾಕೆ? ಈಗ ಅವಳಿಗೆ ಒಂದು ಸಣ್ಣ ಆಸೆ ಇತ್ತು. ಮದುವೆಗೂ ಚೊಚ್ಚಲ ಮಗುವಿಗೂ ನಡುವೆ ನಾಲ್ಕೈದು ತಿಂಗಳಷ್ಟೇ ಇದ್ದರೆ, ಡೀಕನ್‌ನ ಮಗನೇ ಹೀಗೆ ಮಾಡಿಕೊಂಡನೆಂದು ನಲವತ್ತು ನಿಮಿಷ ಎಳೆಯಬಹುದು.

ನವೆಂಬರಿನಲ್ಲಿ ಪತ್ರ ಬಂತು. ಬೆರಳು ಮಡಿಸಿ ಎಣಿಸಿದಳು. ಹದಿಮೂರು ತಿಂಗಳು. ಹಾಳಾಗಿ ಹೋಗಲಿ ಎಂದು ಮಡಿಸಿಡುವಾಗ ಕಣ್ಣು ವರನ ತಂದೆಯ ಹೆಸರಿನ ಮೇಲೆ ಬಿತ್ತು. ದಾವಿದ್ ರೀಸ್ ಎಂದಿರಬೇಕಾದಲ್ಲಿ ದಾವಿದ್ ಶೆಂಕಿನ್ ಎಂದಿತ್ತು.

ಮುಕ್ಕಾಲು ಗಂಟೆಯಲ್ಲಿ ಅವಳು ಇದ್ವಾಲರ ಅಡುಗೆಮನೆಯಲ್ಲಿದ್ದಳು. ಇದ್ವಾಲ್ ಕಾಗದವನ್ನು ಬೆಳಕಿಗೆ ಹಿಡಿದು, ಹುಳುಕು ಹುಡುಕುವವರಂತೆ ಮೂಲೆ ಮೂಲೆ ನೋಡಿದರು.

"ಈ ಟೋಮೊಸ್ ನಿಮ್ಮವನೇ ತಾನೇ? ಪಂತ್‌ಗ್ಲಾಸ್ ಟೋಮೊಸ್?"

"ನಮ್ಮವನೇ. ಹೆಂಡತಿ ಹೆಸರು, ಮಕ್ಕಳು, ಎಲ್ಲಾ ಸರಿಯಾಗಿದೆ. ಅಪ್ಪ ಮಾತ್ರ ನೆಸ್ಟಳವನು."

"ಆ ಕಾಲದಲ್ಲಿ ಅಪ್ಪನ ಹೆಸರೇ ಮಗನ ಕೊನೆ ಹೆಸರು, ನಿಮಗೆ ಗೊತ್ತಲ್ಲ. ರೀಸನ ಮಗ ದಾವಿದ್, ಅವನು ದಾವಿದ್ ರೀಸ್. ಶೆಂಕಿನನ ಮಗ ದಾವಿದ್, ಅವನು ದಾವಿದ್ ಶೆಂಕಿನ್. ಇಬ್ಬರು ದಾವಿದರಿಗೂ ಒಬ್ಬೊಬ್ಬ ಟೋಮೊಸ್. ದಾವಿದನ ಮಗ ಅಂದ್ರೆ ಡೇವಿಸ್. ಎರಡು ಟೋಮೊಸ್ ಡೇವಿಸ್ ಆಯ್ತು."

"ಅದಕ್ಕೇ ತಾನೇ ಒಕ್ಕಲಿನ ಹೆಸರು ಹೇಳೋದು? ನಮ್ಮವನು ಪಂತ್‌ಗ್ಲಾಸ್, ಅವಳವನು ಗ್ರೈಗ್‌ವೆನ್."

"ಅಲ್ಲೇ ಇರೋದು ಮೋಸ. ಒಕ್ಕಲಿನ ಹೆಸರು ಮನೆಗೆ ಅಂಟಿರುತ್ತೆ, ಮನುಷ್ಯನಿಗಲ್ಲ. ಜನ ಅದಲುಬದಲಾದ್ರೂ ಹೆಸರು ಅಲ್ಲೇ ಕೂತಿರುತ್ತೆ." ಇದ್ವಾಲ್ ಕನ್ನಡಕ ತೆಗೆದರು. "ನಾನು ಅಬೆರಿಸ್ಟ್‌ವಿತ್‌ಗೆ ಹೋಗಿ ದಫ್ತರಖಾನೆಯಲ್ಲಿ ಜಮೀನ್ದಾರರ ಗೇಣಿ ಪುಸ್ತಕ ನೋಡ್ಕೊಂಡು ಬರ್ತೀನಿ. ಅಲ್ಲಿವರೆಗೂ ತುಟಿ ಬಿಚ್ಚಬೇಡಿ."

ಟೆಗ್ವೆನ್ ಎಮ್ರಿಸನಿಗೆ ಮಾತ್ರ ಹೇಳಿದಳು. ಎರಡು ಸಲ.

ಗೇಣಿ ಪುಸ್ತಕದಲ್ಲಿ ಎಲ್ಲವೂ ಇತ್ತು. ಕಳ್ಳನ ಹಡಗು ಹೊರಟ ಮರುವರ್ಷ, 1818ರಲ್ಲಿ, ಡೀಕನ್ ದಾವಿದ್ ರೀಸ್ ಹೆಂಡತಿ ಮತ್ತು ತನ್ನ ಮಗ ಟೋಮೊಸನೊಡನೆ ಪಂತ್‌ಗ್ಲಾಸ್ ಬಿಟ್ಟು ಗ್ರೈಗ್‌ವೆನ್‌ಗೆ ಬಂದಿದ್ದ. ಕಳ್ಳನ ಹೆಂಡತಿ, ನಾಲ್ಕು ವರ್ಷದ ಟೋಮೊಸನ ಕೈ ಹಿಡಿದುಕೊಂಡು, ಪಂತ್‌ಗ್ಲಾಸ್‌ಗೆ ಇಳಿದಿದ್ದಳು. ಡೀಕನ್‌ನ ಶಿಫಾರಸಿನಿಂದ, ಎಂದು ಗುಮಾಸ್ತ ಪಕ್ಕದಲ್ಲಿ ಬರೆದಿದ್ದ.

ಜನವರಿಯ ಸಭೆಯಲ್ಲಿ ಇದ್ವಾಲ್ ಇದನ್ನು ಓದಿ ಹೇಳಿದಾಗ ಟೆಗ್ವೆನ್ ನೆಲ ನೋಡುತ್ತಿದ್ದಳು. ವಿನಯಕ್ಕಲ್ಲ, ಮುಖದ ಮೇಲೆ ಏನಿತ್ತೋ ಅದು ಕಾಣದಿರಲೆಂದು.

"ಅಂದ್ರೆ ನನ್ನ ಕಳ್ಳ ಹೋದ್ನಾ?" ಎಂದಳು ನೆಸ್ಟ.

"ಹೋದ, ನೆಸ್ಟ."

"ಯಾರ ಹತ್ರ?"

ಎಲ್ಲರ ತಲೆಯೂ ಟೆಗ್ವೆನಳ ಕಡೆ ತಿರುಗಿತು.

"ಬದಲಿಗೆ ನಂಗೇನು ಬಂತು?"

"ದಾವಿದ್ ರೀಸ್. ಡೀಕನ್."

"ಅಯ್ಯೋ ದೇವರೇ, ಬೇಡ," ಎಂದಳು ನೆಸ್ಟ. ನಿಜಕ್ಕೂ ಅವಳ ಕಣ್ಣು ತುಂಬಿತು. "ಆ ಬೆರಳಿಲ್ಲದವನು ನಂಗೆ ಅಭ್ಯಾಸ ಆಗ್ಬಿಟ್ಟಿದ್ದ ಕಣ್ರೀ."

"ತಗೋ ನೆಸ್ಟ, ಒಳ್ಳೇ ಮನುಷ್ಯ," ಎಂದಳು ಟೆಗ್ವೆನ್. ಅರವತ್ತು ವರ್ಷ ಉಜ್ಜಿ ಹೊಳಪಿಟ್ಟಿದ್ದ ಡೀಕನ್‌ನನ್ನು ಹಳೆಯ ಕೋಟಿನಂತೆ ದಾನ ಮಾಡಿದಳು. "ಭಾನುವಾರ ಒಂದು ದಿನಾನೂ ತಪ್ಪಿಸಿದವನಲ್ಲ. ನಾಲ್ಕು ಪುಟ ಬರೆದಿಟ್ಟಿದೀನಿ, ಅದನ್ನೂ ಕೊಡ್ತೀನಿ."

ಮಾರ್ಚ್ ಒಂದರ ಭಾಷಣ ಕಳ್ಳನ ಜೊತೆಗೇ ಟೆಗ್ವೆನಳ ಮನೆಗೆ ಬಂತು. ಮುಂದಿನ ಮೂರು ವಾರ ಅವಳು ರಸ್ತೆಯಲ್ಲಿ ನಡೆದ ರೀತಿಯನ್ನು ಅಂಗಡಿಯವರು ಕೂಡ ಗಮನಿಸಿದರು.

ಆದರೆ ಭಾಷಣ ಬರೆಯುತ್ತ ಒಂದು ಕಡೆ ಸಿಕ್ಕಿಬಿದ್ದಳು. ಗ್ರೈಗ್‌ವೆನ್‌ನ ಪಕ್ಕದ ಒಕ್ಕಲೆಂದರೆ ಪಂತ್‌ಗ್ಲಾಸ್. ಕಳ್ಳತನವಾದದ್ದು ಡೀಕನ್‌ನ ಕುರಿ. ಕಳ್ಳನ ಹೆಂಡತಿಗೆ ತನ್ನ ಒಕ್ಕಲನ್ನೇ ಬಿಟ್ಟುಕೊಡಿಸುವಷ್ಟು ದಯೆ ಆ ಡೀಕನ್‌ಗೆ ಬಂದದ್ದು ಎಲ್ಲಿಂದ? ಒಂದು ಒಳ್ಳೆಯ ಮಾತು ಸಿಕ್ಕರೆ ಹಾಕೋಣವೆಂದು ಹೆರ್ಮೊನ್ ಚಾಪೆಲಿನ ಕಪಾಟು ತೆಗೆದಳು. ಈಗ ಒಂಬತ್ತೇ ಜನ ಬರುವ ಆ ಚಾಪೆಲಿಗೆ ಅವಳೇ ಕಾರ್ಯದರ್ಶಿ, ಕೀಲಿಕೈ ಅವಳದೇ. ಒಳಗೆ ವಾರದ ಕೂಟದ ಪುಸ್ತಕಗಳಿದ್ದವು. ಆ ಕೂಟದಲ್ಲಿ ಸದಸ್ಯರು ಎದ್ದು ನಿಂತು ತಮ್ಮ ಆತ್ಮದ ಸ್ಥಿತಿ ಹೇಳಿಕೊಳ್ಳುತ್ತಿದ್ದರು, ಪಾದ್ರಿ ಬರೆದುಕೊಳ್ಳುತ್ತಿದ್ದ. ಬಹುತೇಕ ಆತ್ಮಗಳು ಒಂದೇ ಥರ ಒಣಗಿದ್ದವು. 1841ರ ಫೆಬ್ರವರಿಗೆ ಬಂದಾಗ ಟೆಗ್ವೆನ್ ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

"ಗ್ರೈಗ್‌ವೆನ್‌ನ ಮುದುಕ ದಾವಿದ್ ರೀಸನನ್ನು ಕುರ್ಚಿಯಲ್ಲಿ ಹೊತ್ತು ತಂದರು," ಎಂದು ಬರೆದಿತ್ತು. "ಅತ್ತು ಹೇಳಿದ: ಆ ಕುರಿಯ ಕಿವಿ ಕತ್ತರಿಸಿ ಗುರುತು ತಿದ್ದಿದ್ದು ನನ್ನ ಚಾಕು. ಕತ್ತಲಲ್ಲಿ ಅದನ್ನು ಗೋಡೆಯಾಚೆ ಗ್ರೈಗ್‌ವೆನ್ ಮಂದೆಗೆ ಅಟ್ಟಿದ್ದು ನನ್ನ ಕೈ. ಅವನ ಹುಲ್ಲು ಹಸಿರಾಗಿತ್ತು, ನನ್ನದು ಜೌಗು. ಇದು ಈ ಬಾಗಿಲು ದಾಟಬಾರದೆಂದು ಕೂಟ ತೀರ್ಮಾನಿಸಿತು."

ಟೆಗ್ವೆನ್ ಮೂರು ಸಲ ಓದಿದಳು. ಆಮೇಲೆ ಪುಸ್ತಕ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಮನೆಗೆ ಹೋಗಿ ಕೀಲಿಕೈಯನ್ನು ಚಹಾಪುಡಿಯ ಡಬ್ಬಿಯಲ್ಲಿ ಹೂತಳು.

"ಹಾಗಾದ್ರೆ ನಿನ್ನವನು ಕಳ್ಳ ಅಲ್ಲ," ಎಂದ ಎಮ್ರಿಸ್, ಎಲ್ಲ ಕೇಳಿ.

"ಅಲ್ಲ."

"ಇಷ್ಟು ಒದ್ದಾಡಿ ಮನೆಗೆ ತಂದಿದ್ದು ಮತ್ತೊಬ್ಬ ಒಳ್ಳೇ ಮನುಷ್ಯನ್ನಾ?"

"ಬಾಯಿ ಮುಚ್ಕೊಂಡು ಚಹಾ ಕುಡಿ."

"ಕೀಲಿಕೈ ವಾಸನೆ ಬರ್ತಿದೆ ಚಹಾ." ಎಮ್ರಿಸ್ ಒಂದು ಗುಟುಕು ಕುಡಿದ. "ಮತ್ತೆ ನೆಸ್ಟಳ ಹತ್ರ ಇರೋನು ಕುರಿ ಕಿವಿ ಕುಯ್ದವನು, ಸುಳ್ಳು ಸಾಕ್ಷಿ ಹೇಳಿದವನು, ಪಕ್ಕದ ಮನೆಯವನನ್ನ ಗಲ್ಲಿನ ತನಕ ಕಳಿಸಿದವನು. ಅದೂ ಡೀಕನ್! ಅಬ್ಬಾ, ಎಂಥ ಮುತ್ತಾತ ಕಣೇ."

ಟೆಗ್ವೆನ್‌ಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪುಸ್ತಕ ಹೊರಬಂದ ದಿನ ತನ್ನ ಕಳ್ಳ ಬರೀ ಬಡಪಾಯಿಯಾಗುತ್ತಾನೆ. ನೆಸ್ಟಳ ಡೀಕನ್ ಜಿಲ್ಲೆಯಲ್ಲೇ ಸಾಟಿಯಿಲ್ಲದ ಖದೀಮನಾಗುತ್ತಾನೆ. ಪುಸ್ತಕ ಕಪಾಟಿನಲ್ಲೇ ಇದ್ದರೆ ಅವರವರ ಪಾಲು ಅವರವರಿಗೆ. ನಿರಪರಾಧಿಯೊಬ್ಬ ಹೆಂಡತಿ ಮಗುವನ್ನು ಬಿಟ್ಟು ಕಡಲಾಚೆ ಸತ್ತಿದ್ದ, ಇನ್ನೂರು ವರ್ಷ ಕಳ್ಳನೆನಿಸಿಕೊಂಡಿದ್ದ. ಈಗ ಅವನ ರಕ್ತವೇ, ಒಂದು ಊಟದ ಭಾಷಣಕ್ಕೋಸ್ಕರ, ಅವನನ್ನು ಇನ್ನೂ ಕಳ್ಳನಾಗಿಯೇ ಇಟ್ಟುಕೊಳ್ಳಲು ಹೊರಟಿತ್ತು. ಈ ಯೋಚನೆ ಅವಳಿಗೆ ಬರದಿರಲಿಲ್ಲ. ಬಂದಾಗಲೆಲ್ಲ ಎದ್ದು ಹೋಗಿ ಕಿಟಕಿ ಒರೆಸಿದಳು. ಆ ವಾರ ಅವಳ ಮನೆಯ ಕಿಟಕಿಗಳು ಬಹಳ ಸ್ವಚ್ಛವಾಗಿದ್ದವು.

ಆತ್ಮಸಾಕ್ಷಿ ಗೆಲ್ಲುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ. ಅದಕ್ಕೆ ಸಮಯ ಸಿಗಲಿಲ್ಲ. ಹಬ್ಬಕ್ಕೆ ನಾಲ್ಕು ದಿನವಿರುವಾಗ ಟೆಗ್ವೆನ್ ಬಸ್ಸಿನಲ್ಲಿ ಗ್ರೈಗ್‌ವೆನ್ ದಾಟಿ ಹೋದಳು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಕೆಳಗೆ ಸಮುದ್ರ, ಪ್ರವಾಸಿಗರಿಗೆಂದು ನೆಸ್ಟಳ ತಮ್ಮ ಕಟ್ಟಿಸಿದ ಆರು ಮರದ ಮನೆಗಳು. ಟೆಗ್ವೆನಳ ತವರಾದ ಪಂತ್‌ಗ್ಲಾಸ್ ಹುಲ್ಲು ಕೊಳೆಯುವ ತಗ್ಗು. ಅಪ್ಪ ಅದನ್ನು ಅರಣ್ಯದವರಿಗೆ ಮಾರಿದ ಮೇಲೆ ಅಲ್ಲಿ ಬರೀ ಕಪ್ಪು ಮರಗಳು. ಗ್ರೈಗ್‌ವೆನ್ ಗೇಟಿನಲ್ಲಿ ಹೊಸ ಫಲಕ ನಿಂತಿತ್ತು. ಬಣ್ಣ ಇನ್ನೂ ಹಸಿ. ಜನವರಿಯ ಸಭೆಯ ಸುದ್ದಿ ತಮ್ಮನಿಗೆ ತಲುಪಿತ್ತು.

"ಗ್ರೈಗ್‌ವೆನ್: 1818ರಿಂದ ಒಂದೇ ಕುಟುಂಬ."

ಟೆಗ್ವೆನ್ ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬಸ್ಸು ಹತ್ತಿದಳು. ಆ ಇಳಿಜಾರು, ಆ ಸಮುದ್ರ, ಆ ಆರು ಮರದ ಮನೆಗಳು, ಎಲ್ಲ ತನ್ನ ಮನೆಯವರದಾಗಬೇಕಿತ್ತು. ನೆಸ್ಟ ಪದ್ಯದ ಬಹುಮಾನ ಕಿತ್ತುಕೊಳ್ಳುವುದಕ್ಕೆ ನೂರೈವತ್ತು ವರ್ಷ ಮೊದಲೇ ಅವರ ಮನೆಯವರು ಶುರು ಮಾಡಿದ್ದರು! ಚಹಾ ಡಬ್ಬಿಯಿಂದ ಕೀಲಿಕೈ ತೆಗೆಯುವಾಗ ಪುಡಿ ನೆಲದ ತುಂಬ ಚೆಲ್ಲಿತು.

ಹಬ್ಬದ ಊಟಕ್ಕೆ ಐವತ್ತೆರಡು ಜನ ಬಂದಿದ್ದರು. ಟೆಗ್ವೆನ್ ಕೋಟಿಗೆ ಹಬ್ಬದ ಹಳದಿ ಹೂ ಸಿಕ್ಕಿಸಿಕೊಂಡು ಎದ್ದು ನಿಂತಳು. ಮೂವತ್ತು ನಿಮಿಷ ಕಳ್ಳನ ಕಥೆ ಹೇಳಿದಳು. ಆಮೇಲೆ ಚೀಲದಿಂದ ಪುಸ್ತಕ ತೆಗೆದು, 1841ರ ಆ ಪುಟವನ್ನು ಅಂಚೆ ಕಿಂಡಿಯ ದನಿಯಲ್ಲಿ, ಒಂದಕ್ಷರ ಬಿಡದೆ ಓದಿದಳು.

ಓದಿ ಪುಸ್ತಕ ಮುಚ್ಚಿದಳು.

"ದಾವಿದ್ ಶೆಂಕಿನ್ ಏನನ್ನೂ ಕದ್ದಿರಲಿಲ್ಲ," ಎಂದಳು. "ಕದ್ದವನು ಡೀಕನ್. ಕದ್ದಿದ್ದು ಕುರಿ ಅಲ್ಲ, ಗ್ರೈಗ್‌ವೆನ್. ಅದು ಇವತ್ತಿಗೂ ಯಾರ ಹತ್ರ ಇದೆ ಅಂತ ನಾನು ಹೇಳಬೇಕಾಗಿಲ್ಲ."

ಐವತ್ತೊಂದು ತಲೆಗಳು ನೆಸ್ಟಳ ಕಡೆ ತಿರುಗಿದವು. ನೆಸ್ಟ ಕೆಂಪಾದಳು. ಟೆಗ್ವೆನ್ ಕಣ್ಣು ಕೀಳದೆ ನೋಡುತ್ತಿದ್ದಳು. ಒಂದನೇ ತರಗತಿಯಿಂದ ಈ ಮುಖ ನೋಡಲು ಕಾದಿದ್ದಳು.

"ನಮ್ಮ ಡೀಕನ್ನಾ?" ಎಂದಳು ನೆಸ್ಟ ಮೆಲ್ಲಗೆ. "ತಾನೇ ಕಿವಿ ಕುಯ್ದನಾ?" ಮುಖ ಬೆಳಗತೊಡಗಿತು. "ಕುಯ್ದು, ದೊಡ್ಡ ಪೀಠದಲ್ಲಿ ಕೂತು, ಇಪ್ಪತ್ತನಾಲ್ಕು ವರ್ಷ ಎಲ್ಲರಿಗೂ ಬುದ್ಧಿ ಹೇಳಿದನಾ? ಅಯ್ಯೋ, ಭಂಡ! ಟೆಗ್ವೆನ್, ಇಂಥವನನ್ನ ಬಿಟ್ಟುಕೊಟ್ಟೆಯಲ್ಲೇ ಮಾರಾಯ್ತಿ!"

ನಗು ಸಿಡಿಯಿತು. ಕುರ್ಚಿಗಳು ಕಿರುಗುಟ್ಟಿದವು. ಚಹಾ ಬರುವಷ್ಟರಲ್ಲಿ ನೆಸ್ಟಳ ಮೇಜಿನ ಸುತ್ತ ಎರಡು ಸಾಲು ಜನ.

"ಆ ಹೆಂಗಸಿಗೆ ಜೌಗು ಕೊಟ್ಟು ದಯಾವಂತ ಅನ್ನಿಸ್ಕೊಂಡ ನೋಡು!"

"ನೆಸ್ಟ, ಅವನ ಪಟ ಏನಾದ್ರೂ ಇದೆಯಾ?"

"ಮೂಗು ನಿಂದೇ ಇರಬೇಕು!"

"ಗೇಟಿನ ಫಲಕ ಹಾಗೇ ಇರಲಿ ಕಣೇ, ಈಗ ನೋಡೋಕೆ ಜನ ಬರ್ತಾರೆ!"

ಟೆಗ್ವೆನಳ ಬಳಿ ಪಾದ್ರಿಯ ಹೆಂಡತಿ ಒಬ್ಬಳೇ ಬಂದಳು. "ಪಾಪ, ನಿಮ್ಮವರು ಎಂಥ ಒಳ್ಳೆಯವರು," ಎಂದು ಕೈ ತಟ್ಟಿ, ನೆಸ್ಟಳ ಮೇಜಿನ ಕಡೆ ಹೋದಳು.

ಇದ್ವಾಲ್ ಜೇಬಿನ ಡೈರಿ ತೆಗೆದು ಬರೆದುಕೊಂಡರು. ಮುಂದಿನ ಮಾರ್ಚ್ ಒಂದರ ಭಾಷಣ ನೆಸ್ಟ ಡೇವಿಸಳದು.